ಎಲ್ಡನ್ ಮನೆ ಹಾರಿದ ತುಣುಕಿನ ಬೆಲೆ

ಡಾರ್ಲಾ ಪೆನ್ನರ್ ನಮ್ಮೂರ ಶಾಲೆಯ ಬಸ್ ಓಡಿಸುತ್ತಾಳೆ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಉಳಿದ ಹೊತ್ತು ಅವಳದು. ಏಪ್ರಿಲ್ ಬಂತೆಂದರೆ ಆ ಹೊತ್ತಿನಲ್ಲಿ ಅವಳು ನೆಲ ನೋಡುವುದಿಲ್ಲ. ಪಶ್ಚಿಮದಲ್ಲಿ ಮೋಡ ಹೂಕೋಸಿನ ಹಾಗೆ ಮೇಲೆದ್ದಿತೋ, ಕ್ಯಾಮೆರಾ ಮುಕ್ಕಾಲಿಗಳನ್ನು ಪಿಕಪ್ ಗಾಡಿಗೆ ಹಾಕಿಕೊಂಡು ಬಿರುಗಾಳಿಯ ಬೆನ್ನು ಹತ್ತಿ ಹೊರಟೇಬಿಡುತ್ತಾಳೆ. ನನ್ನದು ಎಲ್ಮ್ ಕ್ರೀಕಿನ ಮುಖ್ಯ ಬೀದಿಯಲ್ಲಿ ಕೂದಲು ಕತ್ತರಿಸುವ ಅಂಗಡಿ. ಅವಳು ತಿಂಗಳಿಗೊಮ್ಮೆ ನನ್ನ ಕುರ್ಚಿಯಲ್ಲಿ ಕೂತು ತಲೆ ಒಪ್ಪಿಸುತ್ತಾಳೆ, ಮಾತನ್ನೂ ಒಪ್ಪಿಸುತ್ತಾಳೆ. ಹಾಗಾಗಿ ಇದೆಲ್ಲ ನನಗೆ ಗೊತ್ತು.

ಮೊದಮೊದಲು ಅವಳು ತೆಗೆದ ವಿಡಿಯೊಗಳನ್ನೆಲ್ಲ ಅಂತರ್ಜಾಲದ ಒಂದು ದೊಡ್ಡ ಸಂತೆಗೆ ಸುರಿದುಬಿಡುತ್ತಿದ್ದಳು. ಮಿಂಚು, ಗೋಧಿ ಹೊಲದ ಮೇಲೆ ಓಡುವ ಗಾಳಿ, ಆಲಿಕಲ್ಲಿಗೆ ಕುಣಿಯುವ ತಗಡಿನ ಸೂರು. ಯಾರೋ ಎಲ್ಲಿಯೋ ಕೊಳ್ಳುತ್ತಿದ್ದರು, ಇವಳ ಪಾಲಿಗೆ ಒಂದು ಕಾಫಿಯ ದುಡ್ಡು ಬರುತ್ತಿತ್ತು. ಒಂದು ದಿನ ಹೋಟೆಲಿನ ಟಿವಿಯಲ್ಲಿ ಯಾವುದೋ ಬ್ಯಾಂಕಿನ ಜಾಹೀರಾತು ಬಂತು. ಅದರ ತುಂಬ ಇವಳ ಮಿಂಚು. ಅದಕ್ಕೆ ಅವಳಿಗೆ ಸಿಕ್ಕಿದ್ದು ಮೂರು ಡಾಲರು ಚಿಲ್ಲರೆ. ಡಾರ್ಲಾ ಕೂಗಾಡಲಿಲ್ಲ. ಮನೆಗೆ ಹೋಗಿ ತನ್ನದೆಲ್ಲವನ್ನೂ ಆ ಸಂತೆಯಿಂದ ವಾಪಸು ಎಳೆದುಕೊಂಡಳು. ಆ ಚಳಿಗಾಲವಿಡೀ ಈ ವ್ಯಾಪಾರ ಹೇಗೆ ನಡೆಯುತ್ತದೆಂದು ಓದಿದಳು, ಬಲ್ಲವರಿಗೆ ಫೋನು ಮಾಡಿ ಕೇಳಿದಳು. ವಸಂತ ಬರುವ ಹೊತ್ತಿಗೆ ತನ್ನದೇ ಒಂದು ಪುಟ್ಟ ಜಾಲತಾಣ ತೆರೆದು, ಬೆಲೆಯನ್ನು ತಾನೇ ಹೇಳತೊಡಗಿದಳು.

ಏನು ಕಲಿತೆ ಅಂತ ನಾನು ಕೇಳಿದಾಗ ಅವಳು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ನಾನು ವಿಡಿಯೊ ಮಾರಲ್ಲ ಕಣೇ. ಹೊಲ ಗುತ್ತಿಗೆಗೆ ಕೊಡಲ್ವಾ, ಹಾಗೆ ಕೊಡ್ತೀನಿ. ಯಾರು ತಗೋತಾರೆ, ಎಲ್ಲೆಲ್ಲಿ ತೋರಿಸ್ತಾರೆ, ಎಷ್ಟು ದಿನ ಇಟ್ಕೋತಾರೆ, ಬೇರೆಯವರಿಗೆ ಕೊಡಬೇಡ ಅಂತಾರಾ, ಇಷ್ಟು ಕೇಳ್ಕೊಂಡ್ರೆ ಬೆಲೆ ತಾನಾಗೇ ಬಾಯಿಗೆ ಬರುತ್ತೆ. ಹೊಲ ಮಾತ್ರ ನಂದೇ."

ಎಲ್ಡನ್ ಉನ್ರೂ ಮನೆ ಹಾರಿಹೋದದ್ದು ಮೇ ತಿಂಗಳಲ್ಲಿ. ಎಲ್ಡನ್ ಹಳೆಯ ಗೋಧಿ ರೈತ, ಹೆಂಡತಿ ತೀರಿಕೊಂಡಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಜಮೀನನ್ನು ಪಕ್ಕದ ಹರೆಯದ ದಂಪತಿಗಳಿಗೆ ಪಾಲಿಗೆ ಕೊಟ್ಟು ತಾನು ಜಗಲಿಯ ಉಯ್ಯಾಲೆಯಲ್ಲಿ ಕೂತು ಅವರ ತಪ್ಪು ಹುಡುಕುತ್ತಿದ್ದ. ಆವತ್ತು ಡಾರ್ಲಾ ಮಕ್ಕಳನ್ನೆಲ್ಲ ಇಳಿಸಿ, ಬಸ್ ನಿಲ್ಲಿಸಿ, ಪಿಕಪ್ಪಿನಲ್ಲಿ ಸ್ಮಶಾನದ ದಿಬ್ಬ ಹತ್ತಿದ್ದಳು. ಅಲ್ಲಿಂದ ಮೋಡದ ಹೊಟ್ಟೆ ಕೆಳಗಿಳಿಯುವುದು ಕಾಣುತ್ತಿತ್ತು. ಅದು ದಿಬ್ಬದ ಕೆಳಗಿನ ಎಲ್ಡನ್ ಮನೆಯ ದಾರಿ ಹಿಡಿದಿದೆ ಎಂದು ಅವಳಿಗೆ ತಕ್ಷಣ ತಿಳಿಯಿತು. ಮೊದಲು ಹವಾಮಾನ ಕಚೇರಿಗೆ ಫೋನು ಮಾಡಿದಳು. ಆಮೇಲೆ ಎಲ್ಡನ್‌ಗೆ. ಊಟದ ಮೇಜಿನಿಂದ ಏಳಲು ಅವನು ಗೊಣಗಿದನಂತೆ. ಇವಳು ಬಸ್ಸಿನಲ್ಲಿ ಪುಂಡ ಮಕ್ಕಳಿಗೆ ಬಳಸುವ ದನಿಯಲ್ಲಿ ನೆಲಮಾಳಿಗೆಗೆ ಇಳಿ ಎಂದಳು. ಅವನು ಬಾಗಿಲು ಎಳೆದುಕೊಂಡ ಸದ್ದು ಕಿವಿಗೆ ಬಿದ್ದ ಮೇಲೆಯೇ ಕ್ಯಾಮೆರಾಕ್ಕೆ ಕೈ ಹಾಕಿದ್ದು.

ಸುಂಟರಗಾಳಿ ನಮ್ಮೂರ ಉತ್ತರದ ಅಂಚನ್ನು ಸವರಿಕೊಂಡು ಹೋಯಿತು. ಕೆಲವು ಸೂರು, ಧಾನ್ಯದ ಒಂದು ಕಣಜ, ಎಲ್ಡನ್‌ನ ಇಡೀ ಮನೆ. ಯಾರೂ ಸಾಯಲಿಲ್ಲ. ಗಾಳಿ ದಾಟಿದ ಕೂಡಲೇ ಡಾರ್ಲಾ ದಿಬ್ಬದಿಂದ ನೇರ ಅಲ್ಲಿಗೆ ಗಾಡಿ ಓಡಿಸಿ, ನೆಲಮಾಳಿಗೆಯ ಬಾಗಿಲ ಮೇಲೆ ಬಿದ್ದಿದ್ದ ತೊಲೆಗಳನ್ನು ಒಬ್ಬಳೇ ಎಳೆಯತೊಡಗಿದ್ದಳು. ನಾವೆಲ್ಲ ಹೋಗಿ ಸೇರಿಕೊಂಡೆವು. ಎಲ್ಡನ್ ಹೊರಗೆ ಬಂದು, ಆಕಾಶ ನೋಡಿ, ಮನೆ ಇದ್ದ ಜಾಗ ನೋಡಿ, ಊಟ ಅರ್ಧಕ್ಕೆ ಬಿಟ್ಟಿದ್ದೆ ಎಂದಷ್ಟೇ ಹೇಳಿದ.

ಸಂಜೆಯೊಳಗೆ ಡಾರ್ಲಾಳ ಫೋನು ಬಿಸಿಯಾಯಿತು. ಊರೂರಿನ ಟಿವಿ ಚಾನೆಲ್ಲುಗಳು. ಎಲ್ಲರ ಮಾತೂ ಒಂದೇ: ತುಣುಕು ಕೊಡಿ, ಕೆಳಗೆ ನಿಮ್ಮ ಹೆಸರು ಹಾಕುತ್ತೇವೆ. ನನ್ನ ಹೆಸರು ನನಗೆ ಆಗಲೇ ಗೊತ್ತು ಎಂದು ಅವಳು ಎಲ್ಲರಿಗೂ ಹೇಳಿದಳು. ಒಂದು ದಿನದ ಸುದ್ದಿಗೆ ಇಷ್ಟು, ವಾರವಿಡೀ ತೋರಿಸಿದರೆ ಇಷ್ಟು, ಬೇರೆ ಚಾನೆಲ್ಲಿಗೂ ಕೊಡುತ್ತೇನೆ, ಬೇಕಾದರೆ ತಗೊಳ್ಳಿ. ಕೆಲವರು ಫೋನಿಟ್ಟರು. ಇಟ್ಟವರಲ್ಲಿ ಹೆಚ್ಚಿನವರು ಮತ್ತೆ ಮಾಡಿದರು. ಆದರೆ ಅವಳು ಕೊಟ್ಟದ್ದು ಹೊಲಗಳ ಮೇಲೆ ಸಾಗುವ ಗಾಳಿಯ ದೃಶ್ಯವನ್ನು ಮಾತ್ರ. ಎಲ್ಡನ್ ಮನೆ ಬುಡಸಮೇತ ಎದ್ದು, ಒಮ್ಮೆ ತಿರುಗಿ, ಬಿಚ್ಚಿಕೊಳ್ಳುವ ತುಣುಕನ್ನು ಬೇರೆ ತೆಗೆದಿಟ್ಟಳು. ಅದನ್ನು ನನಗೆ ತೋರಿಸಿದಾಗ ಬಾಚಣಿಗೆ ಬದಿಗಿಟ್ಟು ಮತ್ತೊಮ್ಮೆ ಹಾಕಿಸಿ ನೋಡಿದೆ. ಇಂಥದ್ದನ್ನು ಅಷ್ಟು ಹತ್ತಿರದಿಂದ, ಅಷ್ಟು ಅಲುಗದೆ ತೆಗೆದವರು ಇರಲಿಕ್ಕಿಲ್ಲ. ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೂ ಅವನನ್ನು ಕೇಳದೆ ಕೊಡುವುದಿಲ್ಲ ಎಂದಳು.

ಊರಿನಲ್ಲಿ ಗುಸುಗುಸು ಶುರುವಾಯಿತು. ಹಾರ್ಡ್‌ವೇರ್ ಅಂಗಡಿಯ ವರ್ನನ್ ಡಿಕ್ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದ. ಅವನ ಸೂರೂ ಹೋಗಿತ್ತು. ಅವಶೇಷ ಎತ್ತುವ ಕೆಲಸದ ನಡುವೆ ಚರ್ಚಿನ ಹಜಾರದಲ್ಲಿ ಎಲ್ಲರೂ ಬೀರಾಕ್ ತಿನ್ನುತ್ತಿದ್ದೆವು. ಎಲೆಕೋಸು, ಮಾಂಸ ತುಂಬಿದ ಬಿಸಿ ಬನ್ನು ಕೈಯಲ್ಲಿದ್ದರೆ ಜಗಳ ಆಡುವುದು ಕಷ್ಟ, ಆದರೂ ವರ್ನನ್ ಆಡಿದ.

"ನಮ್ಮ ಸೂರು ಹೋಯ್ತು, ಇವಳ ಜೇಬು ತುಂಬ್ತು. ಒಳ್ಳೆ ಬೆಳೆ ಕಣಮ್ಮ ನಿಂದು, ಬಿತ್ತೋದೂ ಬೇಡ."

ಡಾರ್ಲಾ ಬಾಯಲ್ಲಿದ್ದುದನ್ನು ಅಗಿದು ನುಂಗಿದಳು. "ಬಿತ್ತೋಕೆ ಹನ್ನೆರಡು ವರ್ಷ ಆಯ್ತು ವರ್ನನ್. ನೀನು ಮೊಳೆ ಪುಕ್ಕಟೆ ಹಂಚ್ತಿದ್ದೀಯಾ ಈ ವಾರ?"

ವರ್ನನ್ ಹಂಚುತ್ತಿರಲಿಲ್ಲ. ಆಗ ಡಾರ್ಲಾ ಎದ್ದು ಎಲ್ಲರಿಗೂ ಕೇಳುವಂತೆ ಹೇಳಿದಳು, ಮನೆ ಕೊಟ್ಟಿಗೆ ಹಾಳಾದವರು ವಿಮೆಯವರಿಗೆ ತೋರಿಸಲು ಬೇಕಾದಷ್ಟು ದೃಶ್ಯ ಬಂದು ತೆಗೆದುಕೊಂಡು ಹೋಗಬಹುದು, ಹವಾಮಾನದವರಿಗೂ ಕೊಟ್ಟಿದ್ದೇನೆ, ಇದಕ್ಕೆ ಒಂದು ಸೆಂಟೂ ಬೇಡ. ಆದರೆ ಅದನ್ನು ತೋರಿಸಿ ದುಡಿಯುವವರು ನನಗೆ ಕೊಟ್ಟೇ ದುಡಿಯಲಿ. ಹೇಳಿ ಕೂತು ಎರಡನೆಯ ಬೀರಾಕ್ ತೆಗೆದುಕೊಂಡಳು. ಮಾರನೆಯ ದಿನ ತುಣುಕು ಕೇಳಿಕೊಂಡು ಮೊದಲು ಬಂದವನು ವರ್ನನ್ನೇ. ಅವಳು ಕೊಟ್ಟಳು, ಒಂದು ಕೊಂಕು ಕೂಡ ಸೇರಿಸದೆ.

ಜೂನ್‌ನಲ್ಲಿ ಚಿಕಾಗೊದ ಒಂದು ಜಾಹೀರಾತು ಸಂಸ್ಥೆಯಿಂದ ಫೋನು ಬಂತು. ಸುದ್ದಿಯಲ್ಲಿ ಇವಳ ದೃಶ್ಯ ನೋಡಿದ್ದರು, ಇನ್ನೂ ಏನಿದೆ ಎಂದು ಕೇಳಿದರು. ಒಂದು ಮನೆಯ ತುಣುಕಿದೆ, ಮನೆಯವನು ಹ್ಞೂಂ ಅನ್ನುವ ತನಕ ಅದು ಬೆಲೆಗಿಲ್ಲ ಎಂದು ಇವಳು ಇದ್ದದ್ದನ್ನು ಹೇಳಿದಳು. ಅವರು ಮಾದರಿ ನೋಡಲು ಬಯಸಿದರು. ಯಾರೂ ಬಳಸಲಾಗದಂತೆ ಅಡ್ಡಕ್ಕೆ ತನ್ನ ಹೆಸರು ಬರೆದ, ಮಸುಕು ಮಾಡಿದ ಒಂದು ಪ್ರತಿ ಕಳಿಸಿದಳು. ಒಂದು ಗಂಟೆಯೊಳಗೆ ಉತ್ತರ ಬಂತು: ಹದಿನೈದು ಸಾವಿರ ಡಾಲರು, ಎಲ್ಲ ಹಕ್ಕೂ ಅವರಿಗೆ, ಎಂದೆಂದಿಗೂ. ಹಾಸಿಗೆ ಮಾಡುವ ಕಂಪನಿಯ ಜಾಹೀರಾತು ಅದು. ಮನೆ ಹಾರಿದರೂ ಒಳಗೊಬ್ಬ ಗೊರಕೆ ಹೊಡೆಯುತ್ತಿರುತ್ತಾನೆ, ಅಷ್ಟು ಮೆತ್ತಗಿನ ಹಾಸಿಗೆ.

ಅವಳ ವರ್ಷದ ಬಸ್ ಸಂಬಳ ಅದಕ್ಕಿಂತ ಬಹಳ ಹೆಚ್ಚೇನಿಲ್ಲ. ನಾನಾಗಿದ್ದರೆ ಆ ಕ್ಷಣವೇ ಒಪ್ಪಿಬಿಡುತ್ತಿದ್ದೆ. ಡಾರ್ಲಾ ವಾರ ಸಮಯ ಕೇಳಿ, ಲ್ಯಾಪ್‌ಟಾಪ್ ಬಗಲಿಗಿಟ್ಟುಕೊಂಡು ಎಲ್ಡನ್ ಇದ್ದಲ್ಲಿಗೆ ಹೊರಟಳು. ನಾನೂ ಜೊತೆಗಿದ್ದೆ, ಅವನ ಕೂದಲು ಕತ್ತರಿಸಲು.

ಹೊಸ ಅಡಿಪಾಯದ ಪಕ್ಕದಲ್ಲೇ ಗಾಲಿಯ ಮೇಲಿನ ಮನೆಯಂಥ ಒಂದು ಟ್ರೈಲರ್ ತಂದು ನಿಲ್ಲಿಸಿಕೊಂಡು ಎಲ್ಡನ್ ಅದರಲ್ಲಿ ವಾಸವಾಗಿದ್ದ. ಡಾರ್ಲಾ ಸುತ್ತಿಬಳಸಲಿಲ್ಲ. ನಿನ್ನ ಮನೆ ಹೋದದ್ದು ನನ್ನ ಬಳಿ ಇದೆ, ನೋಡುವ ಮನಸ್ಸಿದ್ದರೆ ತೋರಿಸುತ್ತೇನೆ, ಇಲ್ಲದಿದ್ದರೆ ಮುಚ್ಚಿ ಕಾಫಿ ಕುಡಿಯೋಣ ಎಂದಳು. ಅವನು ಕನ್ನಡಕ ಹುಡುಕಿದ.

ನೋಡಿದ. ಮತ್ತೊಮ್ಮೆ ಹಾಕು ಎಂದ. ಎರಡನೆಯ ಸಲ ಬೆರಳನ್ನು ಪರದೆಯ ಹತ್ತಿರ ಒಯ್ದು ಅಡುಗೆಮನೆ ಇದ್ದ ಮೂಲೆಯನ್ನು ಹಿಂಬಾಲಿಸಿದ. ಹೊರಗೆ ಗೋಧಿ ಕೊಯ್ಲಿನ ಯಂತ್ರದ ಸದ್ದು ದೂರದಲ್ಲಿ ಬಂದು ಹೋಗುತ್ತಿತ್ತು.

"ನಾನು ಕೆಳಗಿದ್ದೆ, ಸದ್ದು ಮಾತ್ರ ಕೇಳಿಸ್ತು," ಎಂದ. "ಏನೋ ಮುರೀತಿದೆ ಅನ್ಕೊಂಡೆ. ಇದು ಮುರೀಲಿಲ್ಲ ನೋಡು. ಎದ್ದು ನಿಂತು ಹೋಯ್ತು."

ಅವನ ಕಣ್ಣು ಒದ್ದೆಯಾಗಿತ್ತು, ದನಿ ಗಟ್ಟಿಯಾಗೇ ಇತ್ತು. ಅವನು ಕನ್ನಡಕ ಒರೆಸಿಕೊಂಡ ಮೇಲೆ ಡಾರ್ಲಾ ಚಿಕಾಗೊದವರ ವಿಷಯ ತೆಗೆದಳು. ಅವನು ಹೊಲ ಪಾಲಿಗೆ ಕೊಡುವವನ ಹಾಗೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ಏನು ಬಿತ್ತುತ್ತಾರಂತೆ ಅದ್ರಲ್ಲಿ?"

ಹಾಸಿಗೆ ಎಂದಳು ಇವಳು. ಗೊರಕೆಯ ವಿಷಯವನ್ನೂ ಹೇಳಿದಳು. ಎಲ್ಡನ್ ನಕ್ಕ, ನಿಜಕ್ಕೂ ನಕ್ಕ, ನನ್ನ ಕತ್ತರಿ ಕಿವಿಯ ಹತ್ತಿರ ತಡೆದು ನಿಂತಿತು. ಎಷ್ಟು ವರ್ಷಕ್ಕೆ ಎಂದು ಕೇಳಿದ. ಎಂದೆಂದಿಗೂ ಎಂದದ್ದಕ್ಕೆ ನಗು ನಿಂತಿತು.

"ಎಂದೆಂದಿಗೂ ಅಂತ ಹೊಲ ಕೊಟ್ಟವನನ್ನ ನಾನು ಈ ಕೌಂಟಿಯಲ್ಲಿ ಕಂಡಿಲ್ಲ. ನನ್ನ ಮನೆ ಹಾರಿದ್ದು ಒಂದೇ ಸಲ, ಡಾರ್ಲಾ. ಮತ್ತೆ ಹಾರಿಸೋಕಾಗಲ್ಲ. ಅಗ್ಗಕ್ಕೆ ಕೊಡಬೇಡ. ಆಮೇಲೆ, ಅದರೊಳಗೆ ಯಾವನೋ ಮಲಗಿದ್ದ ಅಂತ ತೋರಿಸೋದು ನಂಗೆ ಬೇಡ. ನಗಬೇಕಾದ್ರೆ ನನ್ನ ಮನೆ ನೋಡಿ ನಾನೇ ನಗ್ತೀನಿ."

"ಅಷ್ಟೇ ಸಾಕು ನಂಗೆ," ಎಂದಳು ಡಾರ್ಲಾ.

ಅಲ್ಲೇ ಟ್ರೈಲರಿನ ಮೆಟ್ಟಿಲ ಮೇಲೆ ನಿಂತು ಚಿಕಾಗೊಕ್ಕೆ ಫೋನು ಮಾಡಿದಳು. ಆ ಕಡೆಯವನು ಇಪ್ಪತ್ತು ಸಾವಿರಕ್ಕೆ ಏರಿಸಿದನಂತೆ. ಅವಳು ತಣ್ಣಗೆ, ಬೆಲೆಯ ಮಾತಲ್ಲ, ಬಳಕೆಯ ಮಾತು ಎಂದಳು. ಗಂಭೀರವಾದ ಯಾವುದಕ್ಕಾದರೂ, ಗೊತ್ತಾದ ಅವಧಿಗೆ ಬೇಕೆಂದರೆ ಮತ್ತೆ ಮಾತಾಡಿ ಎಂದು ಫೋನಿಟ್ಟಳು. ಅವರು ಮತ್ತೆ ಮಾತಾಡಲಿಲ್ಲ. ಮುಂದೆ ಟಿವಿಯಲ್ಲಿ ಆ ಹಾಸಿಗೆ ಬಂತು, ಕಂಪ್ಯೂಟರಿನಲ್ಲಿ ಮಾಡಿದ ಮನೆಯೊಂದು ರಟ್ಟಿನ ಪೆಟ್ಟಿಗೆಯಂತೆ ಹಾರುತ್ತಿತ್ತು.

ಡಾರ್ಲಾ ಕಾದು ಕೂರುವವಳಲ್ಲ. ಈ ತುಣುಕು ನಿಜವಾಗಿ ಯಾರಿಗೆ ಬೇಕು ಎಂದು ಯೋಚಿಸಿದಳು. ಓಕ್ಲಹೋಮಾದಲ್ಲಿ ಉಕ್ಕಿನ ನೆಲಮಾಳಿಗೆ ಮಾಡಿ ಮಾರುವ ಒಂದು ಕಂಪನಿಯಿತ್ತು. ಅವರ ಜಾಹೀರಾತಿನಲ್ಲಿ ಬರೀ ಒಬ್ಬ ಮನುಷ್ಯ ಬಾಗಿಲು ತೆರೆದು ಮುಚ್ಚುತ್ತಿದ್ದ. ಎಲ್ಡನ್‌ನನ್ನು ಕೇಳಿ, ಅವನು ಹ್ಞೂಂ ಅಂದ ಮೇಲೆ ಅವಳೇ ಅವರಿಗೆ ಬರೆದಳು: ಮನೆ ಹೋಗುವುದು ನನ್ನ ಬಳಿ ಇದೆ, ಮನೆಯವನು ಕೆಳಗಿಂದ ಎದ್ದುಬಂದದ್ದು ಇಡೀ ಊರಿಗೆ ಗೊತ್ತು. ಆ ಕಂಪನಿಯ ಒಡತಿ ಮರ್ಲಾ ಟ್ರೂಯಿಟ್ ತಾನೇ ಗಾಡಿ ಓಡಿಸಿಕೊಂಡು ಬಂದಳು. ಚೌಕಾಸಿ ನನ್ನ ಅಂಗಡಿಯಲ್ಲೇ ನಡೆಯಿತು. ಎರಡು ವರ್ಷ, ನಮ್ಮ ಬಯಲು ಸೀಮೆಯ ರಾಜ್ಯಗಳಲ್ಲಿ ಮಾತ್ರ, ಬೇರೆ ನೆಲಮಾಳಿಗೆಯವರಿಗೆ ಕೊಡುವಂತಿಲ್ಲ. ಸಾಕ್ಷ್ಯಚಿತ್ರದವರಿಗೆ, ವಸ್ತುಸಂಗ್ರಹಾಲಯಗಳಿಗೆ ಡಾರ್ಲಾ ಕೊಡಬಹುದು. ಒಂಬತ್ತು ಸಾವಿರ ಎಂದಳು ಇವಳು. ಮರ್ಲಾ ಆರು ಎಂದಳು. ಡಾರ್ಲಾ ಬೆಲೆ ಇಳಿಸಲಿಲ್ಲ, ಒಂದು ರಾಜ್ಯ ಇಳಿಸಿದಳು. ಮರ್ಲಾ ಅವಳನ್ನು ಒಂದು ಗಳಿಗೆ ದಿಟ್ಟಿಸಿ, ಆ ರಾಜ್ಯವೂ ಇರಲಿ, ಒಂಬತ್ತೂ ಇರಲಿ ಎಂದು ಕೈ ಚಾಚಿದಳು.

ಎಲ್ಡನ್‌ಗೆ ಅರ್ಧ ಕೊಡಲು ಡಾರ್ಲಾ ಹೋದಾಗ ಮುದುಕ ಸಿಟ್ಟಿಗೆದ್ದ.

"ಭೂಮಿ ಕೊಟ್ಟವನಿಗೆ ಮೂರರಲ್ಲೊಂದು, ದುಡಿದವನಿಗೆ ಎರಡು. ನಮ್ಮಪ್ಪನ ಕಾಲದಿಂದ ಈ ಊರಲ್ಲಿ ಅದೇ ಪದ್ಧತಿ. ನೀನ್ಯಾವಳು ಬದಲಾಯಿಸೋಕೆ?"

ಅವಳು ಬದಲಾಯಿಸಲಿಲ್ಲ. ಆಮೇಲೆ ಎರಡು ಸಾಕ್ಷ್ಯಚಿತ್ರದವರು ಬಂದರು, ಡೆನ್ವರಿನ ಒಂದು ವಿಜ್ಞಾನ ಕೇಂದ್ರ ಬಂತು. ಪ್ರತಿ ಸಲವೂ ಮೂರರಲ್ಲೊಂದು ಪಾಲು ಎಲ್ಡನ್‌ಗೆ ಹೋಯಿತು, ಪ್ರತಿ ಸಲವೂ ಅವನು ಮೊದಲು ಏನು ಬಿತ್ತುತ್ತಾರೆ ಎಂದು ಕೇಳಿದ. ಚಿಕಾಗೊದವರು ಹೇಳಿದ ಮೊತ್ತವನ್ನು ತುಣುಕು ಎರಡನೆಯ ಚಳಿಗಾಲದಲ್ಲಿ ದಾಟಿತು, ಅಷ್ಟಾದರೂ ಅದು ಇನ್ನೂ ಡಾರ್ಲಾಳದೇ.

ನೆಲಮಾಳಿಗೆಯ ಜಾಹೀರಾತು ಮೊದಲ ಸಲ ಬಂದ ದಿನ ನಾವು ಮೂವರೂ ಎಲ್ಡನ್‌ನ ಹೊಸ ಮನೆಯಲ್ಲಿ ಕೂತಿದ್ದೆವು. ಹಳೆಯದಕ್ಕಿಂತ ಚಿಕ್ಕ ಮನೆ, ಕೆಳಗೆ ಮರ್ಲಾಳದೇ ಉಕ್ಕಿನ ಕೋಣೆ, ಅದಕ್ಕೂ ಅವನು ಚೌಕಾಸಿ ಮಾಡಿದ್ದ. ಪರದೆಯ ಮೇಲೆ ಅವನ ಮನೆ ಎದ್ದಿತು, ತಿರುಗಿತು, ಬಿಚ್ಚಿಕೊಂಡಿತು. ಸಂಗೀತವಿರಲಿಲ್ಲ, ಗಾಳಿಯ ಸದ್ದು ಮಾತ್ರ. ನಾನು ಅವನ ಮುಖ ನೋಡಿದೆ. ಅವನು ಹುಬ್ಬು ಗಂಟಿಕ್ಕಿಕೊಂಡಿದ್ದ.

"ಪಶ್ಚಿಮದ ಕಡೆಯಿಂದ ತೆಗೀಬೇಕಿತ್ತು," ಎಂದ. "ಈ ಕಡೆಯಿಂದ ಜಗಲಿಯ ಬಣ್ಣ ಮಂಕಾಗಿ ಕಾಣುತ್ತೆ. ಬಳಿದು ಒಂದು ವರ್ಷವೂ ಆಗಿರಲಿಲ್ಲ."

"ಪಶ್ಚಿಮದಲ್ಲಿ ನಿಂತಿದ್ರೆ ನಾನೂ ನಿನ್ನ ಜಗಲಿ ಜೊತೆ ಹೋಗ್ತಿದ್ದೆ, ತಾತ," ಎಂದಳು ಡಾರ್ಲಾ.

ಎಲ್ಡನ್ ಅದನ್ನು ತೂಗಿ ನೋಡುವವನಂತೆ ತಲೆಯಾಡಿಸಿ, ಕಡುಬಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿ, ಈ ವರ್ಷ ಗೋಧಿಗೆ ಬೆಲೆ ಎಲ್ಲಿ ನಿಲ್ಲಬಹುದು ಎಂದು ಮಾತು ತೆಗೆದ.