ಅತ್ತೆಗೆ ಯಾವ ಔಷಧಿಯೂ ನಾಟುವುದಿಲ್ಲ

ತೀರಿಹೋದ ಸರ್ ತಲೆಯ ಬಳಿ ಹೂವಿಡುತ್ತಲೇ ಶಿಷ್ಯೆ ಅವರ ಹೆಂಡತಿಯ ಕಿವಿಗೆ ಬಾಗಿದಳು.

“ಆಂಟಿ, ಇಂಥಾ ಹೊತ್ತಲ್ಲಿ ಕೇಳ್ಬಾರ್ದು. ನಿಮ್ಮನೇಲಿ ಭಾವ ಅಂದ್ರೆ ಯಾರು?”

ಆಂಟಿ ಕಣ್ಣೊರೆಸಿಕೊಂಡು ಅವಳ ಮುಖ ನೋಡಿದರು. ಹುಡುಗಿಗೆ ದುಃಖದಲ್ಲಿ ತಲೆ ಕೆಟ್ಟಿರಬೇಕು ಎನಿಸಿತು.

ತಲೆ ಕೆಟ್ಟಿರಲಿಲ್ಲ. ಸರ್ ಜೀವಮಾನವೆಲ್ಲ ಕ್ಷಯದ ಕ್ರಿಮಿಗಳ ಹಿಂದೆ ಬಿದ್ದವರು. ಅವರು ಕಾಪಾಡಿಕೊಂಡು ಬಂದ ತಳಿಗಳೆಲ್ಲ ಪ್ರಯೋಗಾಲಯದ ಫ್ರೀಜರಿನಲ್ಲಿದ್ದವು. ಅಚ್ಚಾದ ಪ್ರಬಂಧಗಳಲ್ಲಿ ಅವುಗಳ ನಂಬರು, ಗುಣ ಎಲ್ಲ ಇತ್ತು; ಟ್ಯೂಬಿನ ಮೇಲೆ ಮಾತ್ರ ನೆಂಟರ ಹೆಸರು. ಯಾವ ನೆಂಟ ಯಾವ ನಂಬರು ಎಂಬುದು ಸರ್ ತಲೆಯಲ್ಲೇ ಉಳಿದಿತ್ತು. ಗುರುತಿಲ್ಲದ ರೋಗಾಣು ಇಟ್ಟುಕೊಳ್ಳುವಂತಿಲ್ಲ, ನಾಳೆ ಬೆಳಿಗ್ಗೆ ಎಲ್ಲ ಸುಟ್ಟುಬಿಡಿ ಎಂದು ಸುರಕ್ಷತಾ ಅಧಿಕಾರಿ ಕಡ್ಡಿ ಮುರಿದ ಹಾಗೆ ಹೇಳಿದ್ದರು.

*

ಸೇರಿದ ಹೊಸದರಲ್ಲಿ ಅವಳೂ ಕೇಳಿದ್ದಳು. “ಸರ್, ಇದೇನು ‘ಅತ್ತೆ’ ಅಂತ ಬರ್ದಿದೀರಾ?”

“ಯಾವ ಔಷಧಿಗೂ ಜಗ್ಗಲ್ಲಮ್ಮ ಅದು.”

“ನಂಬರ್ ಹಾಕ್ಬಾರ್ದಾ?”

“ನಂಬರ್ ಮರ್ತುಹೋಗುತ್ತೆ. ನೆಂಟರನ್ನ ಮರೆಯೋಕಾಗುತ್ತಾ?”

ಕ್ಷಯದ ಕ್ರಿಮಿ ಬೆಳೆಯಲು ವಾರಗಟ್ಟಲೆ ಬೇಕು. ಅವಸರದವರಿಗೆ ಹೇಳಿ ಮಾಡಿಸಿದ ಕೆಲಸವಲ್ಲ. ಸರ್ ದಿನಾ ಅವನ್ನು ಬೆಳೆಸುವ ಪೆಟ್ಟಿಗೆಯ ಬಾಗಿಲು ತೆರೆದು ಇಣುಕಿ, “ಇನ್ನೂ ಎದ್ದಿಲ್ಲ” ಎಂದು ಸದ್ದಾಗದಂತೆ ಮುಚ್ಚುತ್ತಿದ್ದರು. ಹೊಸ ಔಷಧಿ ಕೊನೆಗೂ ಅವರ ಕೈಗೆ ಹತ್ತಲಿಲ್ಲ. ಅದಕ್ಕಾಗಿ ಅವರು ಮುಖ ಸಣ್ಣದು ಮಾಡಿಕೊಂಡದ್ದನ್ನು ಅವಳು ನೋಡಲಿಲ್ಲ.

*

ವಿಷಯ ತಿಳಿದ ಮೇಲೆ ಆಂಟಿ ತಂಗಿಯ ಗಂಡನಿಗೆ ಕಾಣದಂತೆ ಸೆರಗು ಅಡ್ಡ ಹಿಡಿದರು.

“ಭಾವ ಅಂದ್ರೆ ನಮ್ಮಣ್ಣ. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ. ಇವತ್ತೂ ಬಂದಿಲ್ಲ ನೋಡು.”

“ಎಲ್ಲಕ್ಕಿಂತ ನಿಧಾನಕ್ಕೆ ಬೆಳೆಯೋದು.” ಶಿಷ್ಯೆ ಅಂಗೈ ಮೇಲೆ ನಂಬರು ಬರೆದುಕೊಂಡಳು. “ಷಡ್ಡಕ?”

“ಬಾಗಿಲಲ್ಲಿದಾನಲ್ಲ, ನನ್ನ ತಂಗಿ ಗಂಡ. ಹೋದಲ್ಲೆಲ್ಲ ಗುಂಪು ಕಟ್ಕೊಂಡೇ ಕೂರೋದು.”

“ಗುಂಪುಗಟ್ಟಿ ಬೆಳೆಯೋ ತಳಿ ಒಂದೇ ಇರೋದು. ಸಿಕ್ತು. ಅತ್ತೆ ನಂಗೆ ಗೊತ್ತು.”

ಗೋಡೆಯ ಪಕ್ಕದ ಕುರ್ಚಿಯಲ್ಲಿ ಒರಗಿದ್ದ ಸಾಕ್ಷಾತ್ ಅತ್ತೆ, ಆಂಟಿಯ ತಾಯಿ, ತಲೆಯೆತ್ತಿದರು. ತೊಂಬತ್ತು ದಾಟಿದ್ದರೂ ಕಿವಿ ಚುರುಕು. “ನನ್ನ ವಿಷ್ಯ ಏನೋ ಮಾತಾಡ್ತಿದೀರಿ.”

“ನಿನ್ನ ಉಳಿಸ್ಕೋತಿದೀವಮ್ಮ” ಎಂದರು ಆಂಟಿ.

“ನಾನೇನು, ಇದ್ದೇ ಇದೀನಿ. ಅಳಿಯಂದಿರನ್ನ ಉಳಿಸ್ಕೋಬೇಕಿತ್ತು.”

ಆಂಟಿ ನಗಲು ಹೋಗಿ ಅತ್ತುಬಿಟ್ಟರು. ಶಿಷ್ಯೆ ಅವರ ಕೈ ಹಿಡಿದುಕೊಂಡಳು.

“ಇನ್ನೊಂದೇ ಆಂಟಿ. ಅದು ಯಾವ್ದು ಅಂತ ನಂಗೆ ಗೊತ್ತು, ಯಾರು ಅಂತ ಗೊತ್ತಿಲ್ಲ. ಎಲ್ಲಾ ಡಬ್ಬಿಲೂ ಇದೆ. ‘ಪೆದ್ದಿ’.”

“ಅದು ನಾನು.” ಆಂಟಿ ದನಿ ಇಳಿಯಿತು. “ಮದುವೆ ಆದಾಗಿಂದ ಹಾಗೇ ಕರೆದದ್ದು. ಏನದು, ಯಾವ ಕೆಲಸಕ್ಕೂ ಬಾರದ್ದಾ?”

“ಅದು ರೋಗ ತರಲ್ಲ ಆಂಟಿ. ಏನೇ ಪರೀಕ್ಷೆ ಮಾಡಿದ್ರೂ ಮೊದಲು ಅದನ್ನ ಪಕ್ಕದಲ್ಲಿ ಬೆಳೆಸ್ತಿದ್ರು. ಅದನ್ನ ನೋಡ್ಕೊಂಡೇ ಬೇರೆಯವಕ್ಕೆ ಏನಾಗಿದೆ ಅಂತ ತಿಳ್ಕೊಳ್ಳೋದು. ಅದು ಪಕ್ಕದಲ್ಲಿಲ್ದೆ ಬಂದ ಫಲಿತಾಂಶಾನ ಸರ್ ನಂಬ್ತಾನೇ ಇರ್ಲಿಲ್ಲ.”

ಷಡ್ಡಕ ಒಳಗೆ ಬಂದ. “ಗಾಡಿ ಬಂತು ಅತ್ತಿಗೆ. ಎತ್ತೋಣ್ವಾ?”

“ಸ್ವಲ್ಪ ತಡೀರಿ” ಎಂದರು ಆಂಟಿ. ಮೂಲೆಯಲ್ಲಿ ಖಾಲಿಯಿದ್ದ ಕುರ್ಚಿಯನ್ನು ತಾವೇ ಎಳೆದು ತಂದು, ಅದರ ಕಾಲು ಮಂಚಕ್ಕೆ ತಾಗುವಷ್ಟು ಹತ್ತಿರ ಹಾಕಿಕೊಂಡು, ಗಂಡನ ಪಕ್ಕದಲ್ಲಿ ನೆಟ್ಟಗೆ ಕುಳಿತರು.