ಗಾಜಿನ ತಳದ ಡಬ್ಬಿ

ಆ ವರ್ಷ ಮಳೆ ನಿಂತ ಮೇಲೆ ಹೊಳೆಯಲ್ಲಿ ಎಲ್ಲರಿಗೂ ಮೀನು ಸಿಕ್ಕಿತು, ಕೆರಿಯನಿಗೆ ಮಾತ್ರ ಸಿಗಲಿಲ್ಲ. ಹೆಗ್ಗರಣೆ ಊರಿನ ಕೆಳಗೆ ಹೊಳೆ ಅಗಲವಾಗಿ ಹರಡಿ, ನೀರು ನಿಂತೇ ಬಿಟ್ಟಿದೆಯೇನೋ ಎನ್ನುವಂಥ ಮಡು ಒಂದಿತ್ತು. ನಿಂತಂತೆ ಕಂಡರೂ ಅದು ನಿಂತ ನೀರಲ್ಲ. ಮಡುವಿನ ಬಾಯಿ ದಾಟಿದರೆ ಬಂಡೆಗಳು, ಬಂಡೆ ದಾಟಿದರೆ ಹೊಳೆಯೇ ಧುಮುಕುವ ಉಂಚಳ್ಳಿಯ ಅಬ್ಬಿ. ಅಲ್ಲಿಂದ ಕೆಳಗೆ ಬಿದ್ದ ಎಮ್ಮೆಯ ಕೊಂಬು ಕೂಡ ಯಾರಿಗೂ ಸಿಕ್ಕಿದ್ದಿಲ್ಲ.

ಕೆರಿಯನ ಅಪ್ಪ ಕಲಿಸಿಕೊಟ್ಟ ಕ್ರಮ ಸುಲಭದ್ದು. ದೋಣಿಯಲ್ಲಿ ಕೂತು ಉದ್ದದ ಬಿದಿರು ಗಳವನ್ನು ಹೊಳೆಯ ತಳಕ್ಕೆ ಊರಬೇಕು, ಅದಕ್ಕೆ ಕಿವಿ ಆನಿಸಬೇಕು. ಮೀನಿನ ಹಿಂಡು ಕಲ್ಲಿನ ಪಾಚಿ ಕೆರೆಯುವ ಸದ್ದು ಗಳದೊಳಗೆ ಹತ್ತಿ ಬರುತ್ತದೆ. ಸದ್ದು ಬಂದರೆ ಬಲೆ ಬೀಸುವುದು, ಇಲ್ಲವಾದರೆ ಗಳ ಕಿತ್ತು ಇನ್ನೊಂದು ಕಡೆ ಊರುವುದು. ಆ ವರ್ಷ ಎಲ್ಲಿ ಊರಿದರೂ ಸದ್ದಿಲ್ಲ. ಗಳವೇ ಸತ್ತುಹೋಗಿದೆ ಎಂದು ಕೆರಿಯ ಹೆಂಡತಿ ಮಂಜಿಗೆ ಹೇಳಿದ. ಹೊಸ ಬಿದಿರು ಕಡಿದು ತಂದ, ಅದೂ ಸತ್ತದ್ದೇ ಎಂದ. ಮಂಜಿ ನಂಬಿದಳು. ಗಂಡ ಗಳದ ಮೇಲೆ ತಪ್ಪು ಹೊರಿಸಿದರೆ ಗಳದ ಪರ ವಾದಿಸುವ ಹೆಂಡತಿ ಎಲ್ಲಿದ್ದಾಳೆ?

ಹಾಗಾಗಿ ಇಬ್ಬರೂ ಬಸ್ಸು ಹತ್ತಿ ಶಿರಸಿಗೆ ಹೋದರು. ಬಲೆ, ಗಾಳ, ಹಗ್ಗ ಮಾರುವ ಕಮಲಾಕರ ಕುಮಟೆ ಕಡೆಯವನು, ಮಾತಿನ ಮಲ್ಲ. ಕಾರವಾರದಲ್ಲಿ ದೊಡ್ಡ ಯಂತ್ರದ ದೋಣಿಗಳಿಗೆ ಒಂದು ಪೆಟ್ಟಿಗೆ ಬಂದಿದೆಯಂತೆ, ಸಮುದ್ರದ ಅಡಿಯಲ್ಲಿ ಮೀನು ಎಲ್ಲಿದೆ ಎಂದು ಅದೇ ಕಾಗದದ ಮೇಲೆ ಗೀರಿ ತೋರಿಸುತ್ತದಂತೆ. ಅದನ್ನು ಕೊಳ್ಳಬೇಕಾದರೆ ನಿಮ್ಮ ಊರನ್ನೇ ಮಾರಬೇಕು ಎಂದು ನಕ್ಕು, ಬಡವರ ಕೈಗೆಟಕುವ ಎರಡು ಸಾಮಾನು ಮುಂದಿಟ್ಟ. ಒಂದು, ಹುರಿಗೆ ಕಟ್ಟಿದ ಸೀಸದ ಗುಂಡು. ಅದರ ಅಡಿಗೆ ಮೇಣ ಮೆತ್ತಿ ಇಳಿಬಿಟ್ಟರೆ ತಳದ ಮರಳೋ ಕೆಸರೋ ಅಂಟಿಕೊಂಡು ಬರುತ್ತದೆ, ಮೀನು ಎಲ್ಲಿ ಮೇಯುತ್ತದೆಂದು ಅದರಿಂದ ಊಹಿಸಬೇಕು. ಇನ್ನೊಂದು, ಸೀಮೆಎಣ್ಣೆ ಡಬ್ಬಿಯ ತಳ ಕತ್ತರಿಸಿ, ಗಾಜು ಕೂರಿಸಿ, ಸಂದಿಗೆ ಅರಗು ತುಂಬಿದ್ದು. ನೀರಿಗೆ ಅದ್ದಿ ಒಳಗೆ ಮುಖವಿಟ್ಟರೆ ಹೊಳೆಯ ಹೊಟ್ಟೆಯೆಲ್ಲ ಕಾಣುತ್ತದೆ.

ಕಮಲಾಕರ ಏನು ಕೇಳಿದರೂ ಕೆರಿಯ ತಲೆಯಾಡಿಸಿದ, ಉತ್ತರವೆಲ್ಲ ಮಂಜಿಯೇ ಕೊಟ್ಟಳು. ಅವಳ ಮನಸ್ಸು ಗುಂಡಿನ ಮೇಲಿತ್ತು. ಗಂಡ ಎತ್ತಿಕೊಂಡದ್ದು ಡಬ್ಬಿಯನ್ನು. ಮಡುವಿನ ತಳದಲ್ಲಿ ಚೌಡಿ ಎಂಬ ದೇವತೆ ಇದ್ದಾಳೆ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಮೀನು ಅವಳು ಕೊಟ್ಟರೆ ಇಸಕೊಳ್ಳಬೇಕು, ಕಿವಿಗೊಟ್ಟು ಕೇಳಬಹುದು. ಹೋಗಿ ಇಣುಕುವ ಪದ್ಧತಿ ಮಾತ್ರ ಯಾರದ್ದೂ ಇರಲಿಲ್ಲ.

"ಹ್ವಾಯ್, ಅದು ಬ್ಯಾಡ," ಎಂದು ಅವನ ತೋಳು ಹಿಡಿದು ತಿರುಗಿಸಿ ಹೇಳಿದಳು. "ಅವಳ ಮನೆ ಒಳಗೆ ಮುಖ ಹಾಕಿ ನೋಡಾದು ಅಂದ್ರೆ ಎಂತ?"

"ಒಂದು ಕೋಳಿ ಕೊಟ್ರೆ ಆತು," ಎಂದ ಕೆರಿಯ.

ಕೋಳಿ ಕೊಟ್ಟದ್ದೂ ಆಯಿತು. ಆದರೂ ಮಂಜಿಯ ಹೆದರಿಕೆ ಇಳಿಯಲಿಲ್ಲ. ಕೆರಿಯ ದೋಣಿಯ ಅಂಚಿಗೆ ಬೋರಲು ಮಲಗಿ ಡಬ್ಬಿಯೊಳಗೆ ಮುಖವಿಟ್ಟನೆಂದರೆ, ದಡದಲ್ಲಿ ಬಲೆ ಹೊಲಿಯುತ್ತ ಕೂತ ಅವಳಿಗೆ ಕೈ ಓಡುತ್ತಿರಲಿಲ್ಲ. ಈಗ ಒಂದು ಕೈ ಮೇಲೆ ಬಂದು ಅವನ ಕೂದಲು ಹಿಡಿದು ಎಳೆಯುತ್ತದೆ ಎಂದು ನೀರನ್ನೇ ದಿಟ್ಟಿಸುತ್ತಿದ್ದಳು. ಕೈ ಬರಲಿಲ್ಲ, ಮೀನು ಬಂತು. ಬುಟ್ಟಿ ತುಂಬಿದಂತೆಲ್ಲ ಅವಳ ಭಯಕ್ಕೂ ನಾಚಿಕೆಯಾಗತೊಡಗಿತು.

ಒಂದು ಬೆಳಿಗ್ಗೆ ಅವಳು ಬಲೆಯಿಂದ ತಲೆಯೆತ್ತಿದಾಗ ದೋಣಿ ಇರಬೇಕಾದಲ್ಲಿ ಇರಲಿಲ್ಲ. ಮಡುವಿನ ಬಾಯಿಯ ಹತ್ತಿರ, ಬಂಡೆಗಳಿಗೆ ಹೋಗುವ ಸೆಳವಿನ ಅಂಚಿನಲ್ಲಿ ಅದು ಮೆಲ್ಲಗೆ ಜಾರುತ್ತಿತ್ತು. ಕೆರಿಯ ಡಬ್ಬಿಯೊಳಗೆ ಮುಖವಿಟ್ಟು ಮಲಗಿಯೇ ಇದ್ದ. ಮಂಜಿಗೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಇಷ್ಟು ಕಾಲ ದೋಣಿಯನ್ನು ಹಿಡಿದು ನಿಲ್ಲಿಸಿದ್ದು ತಳಕ್ಕೆ ಊರಿದ ಆ ಗಳ. ಅದು ಮೀನು ಕೇಳುವುದಕ್ಕೆ ಎಂದಷ್ಟೇ ಎಲ್ಲರೂ ತಿಳಿದಿದ್ದರು. ಡಬ್ಬಿ ಬಂದ ಮೇಲೆ ಕೆರಿಯ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ಡಬ್ಬಿ ತಳದಲ್ಲಿದ್ದುದನ್ನೆಲ್ಲ ತೋರಿಸುತ್ತಿತ್ತು, ಆದರೆ ತಳವನ್ನು ಹಿಡಿದುಕೊಂಡಿರಲಿಲ್ಲ. ಅವಳು ಚೌಡಿಗೆ ಹೆದರುತ್ತ ಕೂತಿದ್ದಳು, ನೀರು ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು.

"ಹ್ವಾಯ್!" ಎಂದು ಕೂಗಿದಳು. ಅವನು ಅಲುಗಲಿಲ್ಲ. ದಡದುದ್ದಕ್ಕೂ ಓಡುತ್ತ ಮತ್ತೆ ಮತ್ತೆ ಕೂಗಿದಳು. ಅಬ್ಬಿಯ ಬದಿಯಲ್ಲಿ ಬೆಳೆದವರ ಗಂಟಲು ಸಣ್ಣದಲ್ಲ, ಆಚೆ ದಡದ ಗುಡ್ಡಕ್ಕೂ ಮುಟ್ಟುವಂಥದ್ದು. ಅವನು ಅಲುಗಲಿಲ್ಲ. ಕೊನೆಗೆ ಅವಳು ಮದುವೆಯಾದಾಗಿನಿಂದ ಒಮ್ಮೆಯೂ ಬಾಯಿಗೆ ತರದಿದ್ದನ್ನು ತಂದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವರಲ್ಲಿ ನಂಬಿಕೆ. ಇನ್ನು ಎಷ್ಟು ಆಯುಷ್ಯ ಉಳಿದಿದೆಯೆಂದು ಉಳಿಸುವುದು?

"ಕೆರಿಯಾ!"

ಕೆಳಗಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ತಿಮ್ಮಿ ಗಾಬರಿಯಿಂದ ಎದ್ದು ನಿಂತಳು. ಕೆರಿಯ ಮಾತ್ರ ಹಾಗೇ ಮಲಗಿದ್ದ.

ಆಗ ಮಂಜಿ ಕಲ್ಲು ಎತ್ತಿಕೊಂಡಳು. ಮೀನು ಹಿಡಿಯುವವರ ಮನೆಯ ಹೆಣ್ಣು ಸತ್ತರೂ ಮಾಡದ ಕೆಲಸ ಅದು. ದೋಣಿಯ ಸುತ್ತ ಕಲ್ಲಿನ ಮೇಲೆ ಕಲ್ಲು ಬಿದ್ದವು. ಗಾಜಿನಡಿಯ ಮೀನೆಲ್ಲ ಚದುರಿ ಓಡಿರಬೇಕು, ಕೆರಿಯ ಕೆಂಡದಂಥ ಸಿಟ್ಟಿನಿಂದ ತಲೆಯೆತ್ತಿ ಬೈಯಲು ಬಾಯಿ ತೆರೆದ. ಎದುರಿಗೇ ಬಂಡೆಗಳು ಕಂಡವು. ಹುಟ್ಟು ಹಾಕಿದರೆ ದೋಣಿ ಕೇಳಲಿಲ್ಲ. ಅವನು ನೀರಿಗೆ ಹಾರಿ, ಕೊನೆಯ ಬಂಡೆಗಳಲ್ಲೊಂದನ್ನು ತಬ್ಬಿ ಹಿಡಿದ. ದೋಣಿ, ಬಲೆ, ಡಬ್ಬಿ ಅವನ ಪಕ್ಕದಿಂದಲೇ ಹಾದು ಅಬ್ಬಿಯ ಬಾಯಿಗೆ ಹೋದವು.

ಮಂಜಿ, ತಿಮ್ಮಿ ಸೇರಿ ಒಗೆಯಲು ತಂದಿದ್ದ ಸೀರೆಗಳನ್ನು ಗಂಟು ಹಾಕಿ ಎಸೆದು ಅವನನ್ನು ದಡಕ್ಕೆ ಎಳೆದುಕೊಂಡರು. ಅವನು ಕುಡಿದ ನೀರನ್ನೆಲ್ಲ ಕಕ್ಕಿದ. ಆಮೇಲೆ ಹೆಂಡತಿಯ ಮುಖ ನೋಡಿ ಕೇಳಿದ.

"ಅಷ್ಟು ಕಲ್ಲು ಹೊಡೆದ್ಯಲ್ಲೆ. ಒಂದು ಕೂಗು ಹಾಕಾಕೆ ಆಗ್ಲಿಲ್ಲನ?"

ತಿಮ್ಮಿ ಏನೋ ಹೇಳಹೋದದ್ದನ್ನು ಮಂಜಿ ಕಣ್ಣಿನಲ್ಲೇ ತಡೆದಳು. ಕೆರಿಯ ಬೆನ್ನು ತಿರುಗಿಸಿ ಒದ್ದೆ ಪಂಚೆ ಹಿಂಡತೊಡಗಿದ. ಅವಳು ಎರಡು ಹೆಜ್ಜೆ ಮುಂದೆ ಬಂದು, ಅವನ ಬೆನ್ನ ಹಿಂದೆಯೇ ನಿಂತು, ಮತ್ತೊಮ್ಮೆ ಗಂಟಲೆತ್ತಿ ಅವನ ಹೆಸರು ಕೂಗಿದಳು. ಕೆರಿಯ ಪಂಚೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಲೇ ಇದ್ದ.