ನಾಯಿ ಹಾಸ್ಟೆಲ್ಲಿಗೆ ಹಸುವಿನ ಸಾಕ್ಷಿ

ಊರಿಗೆ ಹೋಗುವವರು ತಮ್ಮ ನಾಯಿಯನ್ನು ಬಿಟ್ಟುಹೋಗಲೆಂದು ನಮ್ಮಕ್ಕ ಆಶಾರಾಣಿ ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ನಾಯಿ ಹಾಸ್ಟೆಲ್ ತೆರೆಯಲು ಪಂಚಾಯ್ತಿಗೆ ಅರ್ಜಿ ಹಾಕಿದಳು. ಅನುಮತಿ ಸಿಗದಿದ್ದರೆ ಅಪ್ಪ ಅವಳನ್ನು ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಅಟ್ಟುವುದು ಖಾತ್ರಿಯಾಗಿತ್ತು.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಅಡ್ಡಗಾಲು ಹಾಕಿದರು. "ನಾಯಿ ಬೊಗುಳಿದ್ರೆ ನಮ್ ಅಸು ಆಲು ಬಿಡಲ್ಲ. ಡೇರಿಗೆ ನೀರು ಉಯ್ಲಾ?"

"ಇಷ್ಟು ದಿನ ಉಯ್ದಿದ್ದೇನಮ್ಮ ಮತ್ತೆ?" ಎಂದರು ಅಧ್ಯಕ್ಷ ಶ್ರೀರಾಮಪ್ಪ. "ನಡೀರಿ, ಕಣ್ಣಾರೆ ನೋಡೇಬಿಡಾನ."

ಸಂಜೆ ಅಕ್ಕ ಆಂಡರ್ಸನ್‌ಪೇಟೆಯ ಗೆಳತಿಯರಿಂದ ಮೂರು ನಾಯಿ ತಂದು ಆದಿಲಕ್ಷ್ಮಮ್ಮನ ಕೊಟ್ಟಿಗೆ ಮುಂದೆ ಕಟ್ಟಿದಳು. ಅವರ ಸೊಸೆ ಹಾಲು ಕರೆಯಲು ಕುಳಿತಳು. ಊರಿಗೆ ಊರೇ ನೆರೆದದ್ದು ಕಂಡು ನಾಯಿಗಳು ಕಿವಿ ಕಿತ್ತುಹೋಗುವಂತೆ ಬೊಗಳಿದವು. ಹಸು ಮಾತ್ರ ಮೆಲುಕು ಹಾಕುತ್ತಾ ನಿಂತಿತ್ತು. ಹಾಲು ಸರ್‌ಸರ್ ಎಂದು ಬಕೆಟ್ಟಿಗೆ ಇಳಿಯಿತು.

"ಲೇ ಮಾನಗೆಟ್ಟೋಳೆ, ಇವತ್ತೇ ಇಷ್ಟೊಂದು ಬಿಡ್ಬೇಕಿತ್ತಾ ನೀನು?" ಆದಿಲಕ್ಷ್ಮಮ್ಮ ಹಸುವಿನ ಮೇಲೆ ಅಬ್ಬರಿಸಿದರು.

ಹಸು ಬೆಚ್ಚಿ ಬಕೆಟ್ ಒದೆಯಿತು. ಮೂರು ನಾಯಿಗಳೂ ಬಾಲ ಮುದುರಿ ಗಪ್‌ಚಿಪ್ಪಾದವು.

ಪಂಚೆಗೆ ಸಿಡಿದ ಹಾಲು ಒರೆಸಿಕೊಳ್ಳುತ್ತಾ ಶ್ರೀರಾಮಪ್ಪ ತೀರ್ಪು ಕೊಟ್ಟರು: "ಆಶಾ, ನಿನ್ ಅರ್ಜಿಗೆ ಸೈನ್ ಆಕ್ತೀನಿ ಓಗಮ್ಮ. ನಾಯಿಗಳು ಎಷ್ಟಾದ್ರೂ ಬೊಗುಳ್ಲಿ. ಆದಿಲಕ್ಷ್ಮಮ್ಮ, ಆಲು ಕರೆಯೋ ಒತ್ನಲ್ಲಿ ನೀನ್ ಮಾತ್ರ ಬಾಯಿ ತೆಗೀಬ್ಯಾಡ."